ಅಕ್ಷರ ನಿಲ್ಲದ ಕಟ್ಟೆ

ಅಗುನಿ, ೧೪ ಜೂನ್ ೨೦೦೯

ಮೆಜಿಯಾನ್ ಮಗನೇ,

ಚೆನ್ನಾಗಿದ್ದೀಯಾ ಅಂತ ಮೊದಲೇ ಕೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ನನ್ನ ಮಂಡಿ ಹಾಗೇ ಇದೆ. ಆಡು ಮರಿ ಹಾಕಿತು, ಎರಡೂ ಹೆಣ್ಣು.

ನೀನು ಲಿಯೋನಿನಿಂದ ಕಳಿಸಿದ ಅಂಟುಚೀಟಿಯ ಹಾಳೆ ಬಂತು. ಅದನ್ನು ತೆಗೆದುಕೊಂಡು ಪೇಟೆಗೆ ಹೋದೆ. ಅಲ್ಲಿ ಸಾಲಿಹಾ ಅಂತ ಒಬ್ಬಳು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ, ಗಂಡ ಬಿಟ್ಟವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಒಂದು ಯಂತ್ರದ ಗುಂಡಿಗಳ ಮೇಲೆ ನಮ್ಮ ಅಕ್ಷರ ಅಂಟಿಸಿಕೊಡು ಅಂದೆ.

"ಯೆಮ್ಮಾ ವರ್ದಿಯಾ, ಒಂದೊಂದು ಗುಂಡಿ ಮೇಲೂ ಆಗಲೇ ಫ್ರೆಂಚ್ ಒಂದು, ಅರಬ್ಬಿ ಒಂದು ಕೂತಿವೆ. ಮೂರನೇ ಸಂಸಾರಕ್ಕೆ ಜಾಗ ಎಲ್ಲಿದೆ?" ಅಂದಳು.

"ಮೂಲೇಲಿ ಮಲಗಿಸು. ನಮ್ಮವು ಕಾಲು ಚಾಚಲ್ಲ" ಅಂದೆ.

ಅಂಟಿಸಿದಳು. ಆಮೇಲೆ ಯಂತ್ರದೊಳಗಿನ ನಿನ್ನ ಕಟ್ಟೆಗೆ ಹೋದೆವು. ಊರವರೆಲ್ಲ ಫೋರಂ ಫೋರಂ ಅನ್ನುತ್ತಾರೆ, ನನಗೆ ಅದು ಕಟ್ಟೆಯೇ, ಕೂರುವುದಕ್ಕೆ ಕಲ್ಲಿಲ್ಲ ಅಷ್ಟೆ. ಊರಿನ ಮುಕ್ಕಾಲು ಜನ ಫ್ರಾನ್ಸಿನಲ್ಲೋ ಕೆನಡಾದಲ್ಲೋ ಇರುವಾಗ ಇಲ್ಲಿಯ ಕಲ್ಲಿನ ಮೇಲೆ ಕೂರುವವರಾದರೂ ಯಾರು? ಅದೂ ಅಲ್ಲದೆ ಕಲ್ಲಿನ ಕಟ್ಟೆಗೆ ಹೆಂಗಸರು ಹತ್ತುವಂತಿಲ್ಲ. ನಿನ್ನದರಲ್ಲಿ ಹೆಸರು ಹೇಳಿದರೆ ಸಾಕು, ಒಳಗೆ ಬಿಡುತ್ತದೆ.

ಊರ ಯಜಮಾನರು ದಾ ಬೆಲೈದ್ ಅಲ್ಲಿ ಹಾಕಿರುವ ವಿಷಯವನ್ನು ಸಾಲಿಹಾ ಓದಿ ಹೇಳಿದಳು. ನೀನೂ ನೋಡಿರುತ್ತೀ. ಉಳುಮೆಗೆ ಮುಂಚೆ ಊರೊಟ್ಟಿನಲ್ಲಿ ಹೋರಿ ಕೊಯ್ದು ಮನೆಮನೆಗೆ ತಲೆ ಲೆಕ್ಕದಲ್ಲಿ ಪಾಲು ಹಾಕುವಾಗ, ಈ ವರ್ಷದಿಂದ ಇರುವ ತಲೆಗಳಿಗೆ ಮಾತ್ರ. ಗುಂಡು ಹಾರುತ್ತಿದ್ದ ಆ ಕೆಟ್ಟ ವರ್ಷಗಳಲ್ಲಿ ಹೋಗಿ ಬಾರದವರ ತಲೆಗೆ ಪಾಲಿಲ್ಲ. ಅಕ್ಟೋಬರಿನ ಸಭೆಯವರೆಗೆ ಯಾರೂ ಬೇಡ ಅನ್ನದಿದ್ದರೆ ಊರು ಒಪ್ಪಿದ ಹಾಗೆ. ನಮ್ಮೂರಲ್ಲಿ ಅಂಥ ತಲೆ ಈಗ ಉಳಿದಿರುವುದು ಒಂದೇ, ನನ್ನ ಅರೆಜ್ಕಿಯದು. ಹೆಸರು ಹಾಕಿಲ್ಲ. ದಾ ಬೆಲೈದ್ ಮರ್ಯಾದಸ್ಥರು.

ಪಾಲು ತೆಗೆದರೆ ಊರು ನನ್ನ ಮಗ ಸತ್ತ ಅಂದ ಹಾಗೆ. ಇಷ್ಟು ವರ್ಷ ಯಾರೂ ಆ ಮಾತು ಅಂದಿಲ್ಲ. ಅನ್ನುವುದಾದರೆ ಅದರಲ್ಲಿ ನನ್ನ ಮಾತೂ ಇರಬೇಕು. ಅದಕ್ಕೇ ಬರೆದೆ. ಒಂದೊಂದೇ ಗುಂಡಿ ಹುಡುಕಿ ಒತ್ತಿ, ಬೆವರಿ, ಕಳಿಸು ಅಂದೆ. ತೆರೆಯ ಮೇಲೆ ಬಂದದ್ದು ಬರೀ ಕುಡುಗೋಲಿನ ಸಾಲು, ಒಂದೊಂದರ ಕೆಳಗೂ ಒಂದೊಂದು ಚುಕ್ಕೆ. ಅದು ಪ್ರಶ್ನೆ ಗುರುತು ಅಂತ ಸಾಲಿಹಾ ಹೇಳಿದಳು. ಇನ್ನೊಂದು ಸಲ ಬರೆದೆ. ಮತ್ತೆ ಕುಡುಗೋಲು.

ಯಾಕೆ ಹೀಗೆ ಅಂತ ನೋಡು, ಮಗನೇ. ಅಲ್ಲಿಯವರೆಗೆ ಕೈಬರಹವೇ ಗತಿ.

ನಿನ್ನ ಅತ್ತೆ,
ವರ್ದಿಯಾ


ಲಿಯೋನ್, ೨೮ ಜೂನ್ ೨೦೦೯

ಅತ್ತೆಗೆ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕೂತು ಓದಿದೆ. ಜೊತೆ ಕೆಲಸದವನು ಬಗ್ಗಿ ನೋಡಿ, "ಇದ್ಯಾವ ಕಟ್ಟಡದ ವೈರಿಂಗ್ ನಕ್ಷೆ?" ಅಂದ. ಹಳೇ ಕಟ್ಟಡದ್ದು ಅಂದೆ.

ನಿನ್ನ ಬರಹಕ್ಕೆ ಏನಾಯಿತು ಅಂತ ಹೇಳುತ್ತೇನೆ. ಈ ಫೋರಂ ನಾನು ಮಾಡಿದ್ದಲ್ಲ, ಯಾರೋ ಬಿಟ್ಟಿ ಕೊಟ್ಟದ್ದನ್ನು ತಂದು ನಿಲ್ಲಿಸಿದ್ದು. ಅದನ್ನು ಕಟ್ಟಿದವರಿಗೆ ನಮ್ಮಂಥವರು ಲೋಕದಲ್ಲಿದ್ದಾರೆ ಅನ್ನುವುದೇ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರುವ ಅಕ್ಷರಗಳಿಗೆ ಮಾತ್ರ ಒಳಗೆ ಗೂಡು ಮಾಡಿಟ್ಟಿದ್ದಾರೆ. ಅರಬ್ಬಿಗೂ ಇರಲಿಲ್ಲ, ಅದನ್ನು ನಾನು ಹೇಗೋ ಒಂದು ಅಡ್ಡದಾರಿಯಲ್ಲಿ ನುಗ್ಗಿಸಿದ್ದೇನೆ. ನಮ್ಮ ತಿಫಿನಾಗ್ ಬಂದರೆ ಬಾಗಿಲಲ್ಲೇ ತೆಗೆದು ಆಚೆ ಎಸೆದು, ಆ ಜಾಗಕ್ಕೆ ಪ್ರಶ್ನೆ ಗುರುತು ಇಡುತ್ತದೆ. ಚೌಕ ಚೌಕವಾಗಿ ಕಂಡಿದ್ದರೆ ಚಿಂತೆ ಇರಲಿಲ್ಲ. ಚೌಕ ಅಂದರೆ ಅಕ್ಷರ ಒಳಗಿದೆ, ನೋಡುವ ಯಂತ್ರಕ್ಕೆ ಕನ್ನಡಕ ಇಲ್ಲ ಅಂತ ಅರ್ಥ. ಪ್ರಶ್ನೆ ಗುರುತು ಅಂದರೆ ಅಕ್ಷರ ಒಳಗೆ ಹೋಗಲೇ ಇಲ್ಲ. ನೀನು ಬರೆದದ್ದು ಈಗ ಎಲ್ಲೂ ಇಲ್ಲ, ಅತ್ತೆ.

ಸರಿ ಮಾಡಬಹುದು. ಆದರೆ ಮಾಡಲು ಹೋದರೆ ಹಳೆಯದೆಲ್ಲ ಕಲಸಿಹೋಗುವ ಭಯ. ಇಷ್ಟು ವರ್ಷದ ಮದುವೆ, ಸಾವು, ಮಕ್ಕಳು ಹುಟ್ಟಿದ ಸುದ್ದಿ, ಜನರ ಜಗಳ, ಎಲ್ಲ ಅದರಲ್ಲಿದೆ. ನಿಧಾನವಾಗಿ ನೋಡಬೇಕು.

ಅಲ್ಲಿಯವರೆಗೆ ನಿನ್ನ ಮಾತು ಏನು ಅಂತ ನನಗೆ ಬರೆ. ನಿನ್ನ ಹೆಸರಿನಲ್ಲಿ ಫ್ರೆಂಚಿನಲ್ಲಿ ಹಾಕುತ್ತೇನೆ. ಒಂದು ನಿಮಿಷದ ಕೆಲಸ.

ನಿನ್ನ
ಮೆಜಿಯಾನ್


ಅಗುನಿ, ೧೨ ಜುಲೈ ೨೦೦೯

ಮೆಜಿಯಾನ್,

ಫ್ರೆಂಚ್ ಬೇಡ.

ಅರೆಜ್ಕಿ ಹೋದ ಮಾರನೇ ವರ್ಷ, ನಿನ್ನ ಮಾವ ಇನ್ನೂ ಬದುಕಿದ್ದರು, ನಮ್ಮನ್ನು ಒಂದು ಕಚೇರಿಗೆ ಕರೆಸಿದರು. ಯಾವುದು ಅಂತ ಬರೆಯುವುದಿಲ್ಲ. ಒಂದು ಕಾಗದ ಮುಂದಿಟ್ಟು, ಮಗ ಕಾಣೆಯಾಗಿದ್ದಾನೆ ಅಂತ ಬರೆದಿದ್ದೀವಿ, ಹೆಬ್ಬೆಟ್ಟು ಒತ್ತಮ್ಮ ಅಂದರು. ಒತ್ತಿದೆ. ಶಾಯಿ ಒರೆಸಿಕೊಳ್ಳಲು ಬಟ್ಟೆಯನ್ನೂ ಕೊಟ್ಟರು. ಎಷ್ಟೋ ದಿನದ ಮೇಲೆ ಓದುಬಲ್ಲವರೊಬ್ಬರು ನೋಡಿ ಹೇಳಿದರು, ಮಗ ತಾನಾಗಿಯೇ ಮನೆ ಬಿಟ್ಟು ಹೋದ, ನಮಗೆ ಯಾರ ಮೇಲೂ ದೂರಿಲ್ಲ ಅಂತ ಅದರಲ್ಲಿತ್ತು. ಕೆಳಗೆ ನನ್ನ ಹೆಬ್ಬೆಟ್ಟು.

ಆಗ ನನಗೆ ನಮ್ಮ ಅಕ್ಷರ ಅರ್ಧ ಮಾತ್ರ ಬರುತ್ತಿತ್ತು. ನಿನಗೂ ನನಗೂ ಒಬ್ಬನೇ ಮೇಷ್ಟ್ರಲ್ಲವೇ, ಅರೆಜ್ಕಿ, ಒಲೆ ಪಕ್ಕದ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದ. ನೀನು ಬೇಗ ಕಲಿತೆ. ನಾನು ರೊಟ್ಟಿ ತಟ್ಟುತ್ತ ಕಲಿಯುವವಳು, ಅರ್ಧಕ್ಕೆ ನಿಂತಿತ್ತು. ಉಳಿದದ್ದನ್ನು ಅವನು ಹೋದಮೇಲೆ ಅವನ ಹಾಳೆಗಳನ್ನು ನೋಡಿ ನಾನೇ ಕಲಿತೆ. ಅವತ್ತಿನಿಂದ ನನಗೆ ಓದಲು ಬಾರದ ಅಕ್ಷರದ ಕೆಳಗೆ ನನ್ನ ಹೆಸರು ಇಟ್ಟಿಲ್ಲ. ನೀನು ಮೋಸ ಮಾಡುತ್ತೀ ಅಂತಲ್ಲ. ನೀನು ಬರೆದದ್ದನ್ನು ನಾನು ಓದಿ ಹೌದು ಅನ್ನಲಾರೆ, ಅಷ್ಟೇ.

ದಾ ಬೆಲೈದ್ ಮನೆಗೂ ಹೋಗಿದ್ದೆ. ಊರಿನ ಯಜಮಾನಿಕೆ ಅವರಿಗೆ ಭಾರವಾಗಿದೆ ಪಾಪ, ಅಂಗಳದಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು.

"ಏನು ವರ್ದಿಯಾ, ಕಟ್ಟೆ ಮೇಲೆ ಅಷ್ಟೊಂದು ಪ್ರಶ್ನೆ ಒಟ್ಟಿಗೇ ಕೇಳಿದ್ದೀಯಂತೆ. ನಾನು ದೇವರನ್ನೂ ಅಷ್ಟು ಕೇಳಿಲ್ಲ" ಅಂದರು.

"ನಾನು ಕೇಳಿದ್ದಲ್ಲ, ಹೇಳಿದ್ದು. ಯಂತ್ರ ನುಂಗ್ತು."

"ಕೆನಡಾದವನೊಬ್ಬ ಅದರ ಕೆಳಗೆ ಏನು ಬರೆದಿದ್ದಾನೆ ಗೊತ್ತಾ? ಯಾರದೋ ಅಜ್ಜಿ ಗುಂಡಿಗಳ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಾಳೆ ಅಂತ."

"ನಿದ್ದೆ ಬಂದಿದ್ರೆ ಒಳ್ಳೇದಾಗ್ತಿತ್ತು."

ಇನ್ನೊಂದು ಕಾಲು ಒತ್ತಿಕೊಂಡರು. ಆಮೇಲೆ, "ಬಾಯಲ್ಲಿ ಹೇಳಿಬಿಡು, ಸಭೆಗೆ ನಾನು ತಿಳಿಸ್ತೀನಿ" ಅಂದರು.

"ನೀವು ತಿಳಿಸಿದ್ರೆ ಅದು ನಿಮ್ಮ ಮಾತಾಗುತ್ತೆ."

"ಮೆಜಿಯಾನ್ ಕೈಲಿ ಹೇಳಿಸು. ಮನೆ ಕಡೆ ಗಂಡಸು ಅಂತ ಈಗ ಇರೋದು ಅವನೇ ತಾನೇ?"

"ಅವನು ಲಿಫ್ಟು ರಿಪೇರಿ ಮಾಡ್ಲಿ."

ನಕ್ಕರು. ನಗು ಮುಗಿದ ಮೇಲೆ ಹೇಳಿದರು: "ನೋಡು, ನಾನು ನಿಯಮ ಮುರಿಯೋಕಾಗಲ್ಲ. ಅಕ್ಟೋಬರ್ ಸಭೆವರೆಗೂ ಬಾಗಿಲು ತೆರೆದಿರುತ್ತೆ. ಅಷ್ಟರಲ್ಲಿ ನಿನ್ನ ಹೆಸರಿನ ಕೆಳಗೆ ಮಾತು ಅಂತ ಒಂದು ಕಂಡ್ರೆ ಅದು ಮಾತು. ಹೆಂಗಸು ಅಂತ ನಾನು ತೆಗೆದುಹಾಕಲ್ಲ. ಕಾಣಲಿಲ್ಲ ಅಂದ್ರೆ ಎಲ್ಲರ ಹಾಗೆ ನೀನೂ ಸುಮ್ಮನಿದ್ದೆ, ಒಪ್ಪಿದೆ ಅಂತ."

ಹೆಬ್ಬೆಟ್ಟೂ ಒತ್ತಿಸಿಕೊಳ್ಳದೆ ಒಪ್ಪಿಸುತ್ತಾರೆ ಅಂತಾಯಿತು.

ಅಂಜೂರ ಇನ್ನೂ ಕಾಯಿ. ನೀನು ಆಗಸ್ಟಿನಲ್ಲಿ ಬಂದರೆ ಹಣ್ಣಿಗೆ ಸರಿಯಾಗುತ್ತದೆ.

ನಿನ್ನ ಅತ್ತೆ,
ವರ್ದಿಯಾ


ಲಿಯೋನ್, ೨ ಆಗಸ್ಟ್ ೨೦೦೯

ಅತ್ತೆಗೆ,

ಈ ಸಲ ಬರಲು ಆಗುವುದಿಲ್ಲ. ಆಗಸ್ಟಿನಲ್ಲಿ ಇಲ್ಲಿಯವರೆಲ್ಲ ರಜಕ್ಕೆ ಹೋಗುತ್ತಾರೆ, ಕಟ್ಟಡಗಳು ಖಾಲಿ, ಲಿಫ್ಟು ಬಿಚ್ಚಿ ಎಣ್ಣೆ ಹಾಕಲು ಅದೇ ಸಮಯ. ಅಂಜೂರ ಒಣಗಿಸಿ ಯಾರ ಕೈಯಲ್ಲಾದರೂ ಕಳಿಸು.

ಫೋರಮ್ಮಿನ ವಿಷಯ ನೋಡುತ್ತಿದ್ದೇನೆ. ಒಂದು ಪ್ರತಿ ಮಾಡಿಕೊಂಡು ಪರೀಕ್ಷೆಗೆ ಬದಲಾಯಿಸಿದೆ. ನಮ್ಮ ಅಕ್ಷರ ನಿಂತವು, ಆದರೆ ಅರಬ್ಬಿಯಲ್ಲಿದ್ದ ಹಳೇ ಮಾತುಗಳು ಕೆಲವು ಕೆಟ್ಟವು. ಅಜ್ಜ ತೀರಿಕೊಂಡಾಗ ಜನ ಬರೆದದ್ದು ಕೂಡ. ಹಾಗಾಗಿ ಬಿಟ್ಟಿದ್ದೇನೆ. ಆತುರ ಪಟ್ಟರೆ ಇದ್ದದ್ದೂ ಹೋಗುತ್ತದೆ.

ಒಂದು ಕೇಳಲೇ? ಬರೆಯಲು ಆದರೆ ನೀನು ಏನು ಬರೆಯುತ್ತೀ?

ನಿನ್ನ
ಮೆಜಿಯಾನ್


ಅಗುನಿ, ೧೬ ಆಗಸ್ಟ್ ೨೦೦೯

ಮೆಜಿಯಾನ್,

ಊರು ತುಂಬಿದೆ. ಎಲ್ಲಿ ನೋಡಿದರೂ ಫ್ರಾನ್ಸಿನ ನಂಬರಿನ ಕಾರುಗಳು. ದಿನಾ ಒಂದು ಮದುವೆ. ಹೆಂಗಸರ ಜೊತೆ ಕೂತು ಕುಸ್‌ಕುಸ್ ರವೆ ಉದುರಿಸಿ ಉದುರಿಸಿ ಕೈ ಮರಗಟ್ಟಿದೆ. ಮರಗಟ್ಟಿದರೆ ಒಳ್ಳೆಯದೇ, ಕೆಲಸ ತಾನಾಗಿ ನಡೆಯುತ್ತದೆ.

ಮನೆಗೆ ಸುಣ್ಣ ಬಳಿದೆ. ಇಷ್ಟು ವರ್ಷ ಒಲೆ ಪಕ್ಕದ ಗೋಡೆ ಬಿಟ್ಟು ಬಳಿಯುತ್ತಿದ್ದೆ. ಈ ಸಲ ಅದಕ್ಕೂ ಬಳಿದೆ. ಇದ್ದಿಲು ಉದುರಿ ಅರ್ಧ ಅಕ್ಷರಗಳು ಆಗಲೇ ಇರಲಿಲ್ಲ. ಸುಣ್ಣ ಒಂದು ಕೈ ಹಾಕಿದಾಗ ಸ್ವಲ್ಪ ಕಾಣುತ್ತಿದ್ದವು, ಎರಡನೇ ಕೈಗೆ ಹೋದವು. ಏನೂ ಅನಿಸಲಿಲ್ಲ. ಅನಿಸಬಹುದು ಅಂತ ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದೆ. ಆಮೇಲೆ ಬಕೆಟ್ಟು ತೊಳೆದಿಟ್ಟೆ.

ಗ್ರೆನೋಬಲ್‌ನಿಂದ ಬಂದಿರುವ ಹುಡುಗರಲ್ಲಿ ಒಬ್ಬ ಸಾಲಿಹಾಳ ಅಂಗಡಿಗೆ ಬಂದಿದ್ದ, ಕಂಪ್ಯೂಟರ್ ಕೆಲಸದವನಂತೆ. ಸಾಲಿಹಾ ಸುಮ್ಮನಿರದೆ ನನ್ನ ಕುಡುಗೋಲಿನ ಸಾಲು ತೋರಿಸಿದಳು. "ಇದಾ? ಒಂದು ಮಧ್ಯಾಹ್ನದ ಕೆಲಸ" ಅಂದನಂತೆ. ಹಳೇ ಮಾತು ಕೆಡದ ಹಾಗೆ ಮಾಡುವ ದಾರಿಯೂ ಇದೆ ಅಂದನಂತೆ. ನನಗೆ ಅದೆಲ್ಲ ತಿಳಿಯುವುದಿಲ್ಲ. ಅವನು ಹೇಳಿದ್ದನ್ನು ಹೇಳಿದ್ದೇನೆ.

ಏನು ಬರೆಯುತ್ತೀ ಅಂತ ಕೇಳಿದ್ದೀ. ಬರೆದಾಗ ಓದು.

ಒಣ ಅಂಜೂರ ನಿಮ್ಮ ಓಣಿಯ ದಹಬಿಯಾ ಮಗನ ಕೈಯಲ್ಲಿ ಕಳಿಸಿದ್ದೇನೆ. ಸಣ್ಣ ಡಬ್ಬದಲ್ಲಿ ಆಲಿವ್ ಎಣ್ಣೆಯಿದೆ, ಮುಚ್ಚಳ ಸಡಿಲ, ನೆಟ್ಟಗೆ ಹಿಡಿದುಕೊಂಡು ಹೋಗು ಅಂದಿದ್ದೇನೆ.

ಅತ್ತೆ


ಲಿಯೋನ್, ೩೦ ಆಗಸ್ಟ್ ೨೦೦೯

ಅತ್ತೆಗೆ,

ಎಣ್ಣೆ ಅರ್ಧ ಬಂತು. ಅಂಜೂರಕ್ಕೂ ಎಣ್ಣೆ, ಅವನ ಷರ್ಟುಗಳಿಗೂ ಎಣ್ಣೆ. ಇಲ್ಲಿ ರಂಜಾನ್ ಉಪವಾಸ ಬಿಡುವ ಹೊತ್ತು ಬಹಳ ತಡ, ಕೆಲಸ ಮುಗಿಸಿ ಬಂದು ಆ ಅಂಜೂರ ಒಂದು ತಿಂದು ನೀರು ಕುಡಿಯುತ್ತೇನೆ.

ಗ್ರೆನೋಬಲ್‌ನವನಿಗೆ ಒಂದು ಮಧ್ಯಾಹ್ನದ ಕೆಲಸವಾದರೆ ಅವನೇ ಬಂದು ಮಾಡಲಿ. ಊರಿನ ನೂರಾರು ಜನರ ಮಾತು ನನ್ನ ಕೈಯಲ್ಲಿದೆ, ಅವನ ಕೈಯಲ್ಲಿಲ್ಲ.

ಇದನ್ನು ಬರೆದು ಹಾಳೆ ಮಡಿಸಿ ಎರಡು ದಿನ ಇಟ್ಟಿದ್ದೆ. ಈಗ ಇನ್ನೊಂದಿಷ್ಟು ಬರೆಯುತ್ತೇನೆ. ಪ್ರತಿ ವರ್ಷ ಪಾಲು ಬಂದ ದಿನ ನೀನು ಅರೆಜ್ಕಿಯ ಮಾಂಸವನ್ನು ಬೇರೆ ಬೇಯಿಸಿ ಮುಚ್ಚಿಟ್ಟು, ಮಾರನೇ ದಿನ ನೆರೆಯವರಿಗೆ ಕೊಡುತ್ತೀ ಅಂತ ಅಮ್ಮ ಹೇಳುತ್ತಿದ್ದಳು. ಕೊಡುವಾಗ ಏನೂ ಮಾತಾಡುವುದಿಲ್ಲವಂತೆ. ತೆಗೆದುಕೊಳ್ಳುವವರಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲವಂತೆ. ಅತ್ತೆ, ಅವನು ನನಗಿಂತ ಎರಡು ತಿಂಗಳಿಗೆ ದೊಡ್ಡವನು. ನನಗೆ ಈಗ ತಲೆ ನರೆತಿದೆ. ಇನ್ನೂ ಎಷ್ಟು ವರ್ಷ ಬೇರೆ ಬೇಯಿಸುತ್ತೀ?

ದಾ ಬೆಲೈದ್ ಕೆಟ್ಟ ಮನಸ್ಸಿನಿಂದ ಆ ವಿಷಯ ಹಾಕಿಲ್ಲ. ಅದನ್ನು ಹಾಕುವ ಮೊದಲು ನನಗೆ ಫೋನ್ ಮಾಡಿದ್ದರು.

ನಿನ್ನ
ಮೆಜಿಯಾನ್


ಲಿಯೋನ್, ೧೩ ಸೆಪ್ಟೆಂಬರ್ ೨೦೦೯

ಅತ್ತೆಗೆ,

ನಿನ್ನಿಂದ ಕಾಗದವಿಲ್ಲ. ಅಂಚೆ ತಡವಿರಬಹುದು. ಮಂಡಿ ಹೇಗಿದೆ? ಸಾಲಿಹಾಳ ಅಂಗಡಿಗೆ ಫೋನ್ ಮಾಡಿದ್ದೆ. ಯೆಮ್ಮಾ ವರ್ದಿಯಾ ಬಂದು ಬಹಳ ದಿನವಾಯಿತು, ಅವಳ ಅಂಟುಚೀಟಿ ಗುಂಡಿಗಳ ಮೇಲೆ ಕೂತು ಬೇರೆ ಗಿರಾಕಿಗಳಿಗೆ ತಲೆನೋವು, ಕೀಳಲೋ ಬೇಡವೋ ಕೇಳಿ ಹೇಳು ಅಂದಳು. ಕೀಳಬೇಡ ಅಂದೆ.

ಮೆಜಿಯಾನ್


ಲಿಯೋನ್, ೨೮ ಸೆಪ್ಟೆಂಬರ್ ೨೦೦೯

ಅತ್ತೆಗೆ,

ಹಬ್ಬವೂ ಆಯಿತು. ಊರಿನ ಎಲ್ಲ ಮನೆಗಳಿಂದ ಫೋನ್ ಬಂತು, ನಿನ್ನದು ಬರಲಿಲ್ಲ. ನೀನು ಸುಮ್ಮನಿರುವುದನ್ನು ಏನಂತ ತಿಳಿಯಬೇಕೋ ನನಗೆ ಗೊತ್ತಾಗುತ್ತಿಲ್ಲ. ಒಪ್ಪಿಗೆ ಅಂತಲಂತೂ ತಿಳಿಯಲಾರೆ.

ನಿನ್ನೆ ಭಾನುವಾರ ಕೂತು ಬದಲಾಯಿಸಿದೆ. ಒಂದು ಮಧ್ಯಾಹ್ನವಲ್ಲ, ಒಂದು ಹಗಲು ಹಿಡಿಯಿತು. ಹಳೆಯ ಮಾತುಗಳಲ್ಲಿ ಕೆಟ್ಟವು ಸ್ವಲ್ಪವೇ. ಅಜ್ಜನಿಗೆ ಜನ ಬರೆದದ್ದನ್ನು ಮೊದಲೇ ಕಾಗದಕ್ಕೆ ಇಳಿಸಿಟ್ಟು, ಅದನ್ನು ನೋಡಿಕೊಂಡು ಮತ್ತೆ ನಾನೇ ಕೂರಿಸಿದೆ. ಈಗ ಫೋರಮ್ಮಿಗೆ ಎಲ್ಲರ ಅಕ್ಷರವೂ ಆಗುತ್ತದೆ. ಚೀನಾದವರು ಬಂದರೂ ಕೂರಬಹುದು. ನೀನು ಜೂನಿನಲ್ಲಿ ಬರೆದವು ಮಾತ್ರ ಪ್ರಶ್ನೆ ಗುರುತುಗಳಾಗಿಯೇ ಉಳಿದಿವೆ. ಅವನ್ನು ತಿರುಗಿಸಲು ಯಾರಿಂದಲೂ ಆಗುವುದಿಲ್ಲ.

ನಿಲ್ಲುತ್ತದೋ ಇಲ್ಲವೋ ನೋಡಲು ನಾನೇ ಒಂದು ಮಾತು ನಮ್ಮ ಅಕ್ಷರದಲ್ಲಿ ಬರೆದೆ. ನಿಂತಿತು. "ಅತ್ತೆ" ಅಂತ ಬರೆದಿದ್ದೆ. ಆಮೇಲೆ ಅಳಿಸಿದೆ.

ಸಭೆ ಅಕ್ಟೋಬರ್ ಹದಿನಾರಕ್ಕೆ. ಈ ಕಾಗದ ಅದಕ್ಕೆ ಮುಂಚೆ ತಲುಪಬೇಕು. ತಲುಪದಿದ್ದರೆ ಇರಲಿ ಅಂತ ಸಾಲಿಹಾಳಿಗೂ ಹೇಳಿದ್ದೇನೆ. ಅವಳ ಯಂತ್ರದಲ್ಲಿ ಚೌಕ ಕಂಡರೆ ಹೆದರಬೇಡಿ, ಏನು ಮಾಡಬೇಕು ಅಂತ ಅವಳಿಗೆ ತಿಳಿಸಿದ್ದೇನೆ.

ಮೆಜಿಯಾನ್


ಅಗುನಿ, ೮ ಅಕ್ಟೋಬರ್ ೨೦೦೯

ಮೆಜಿಯಾನ್ ಮಗನೇ,

ಉಪವಾಸದಲ್ಲಿ ಬರೆಯಲಿಲ್ಲ, ಹಬ್ಬದಲ್ಲೂ ಬರೆಯಲಿಲ್ಲ. ಕೋಪವಲ್ಲ. ಹಾಳೆ ಮುಂದಿಟ್ಟುಕೊಂಡು ಕೂತರೆ ಮಾತು ಒಳಗಿರಲಿಲ್ಲ. ಇಷ್ಟು ದಿನ ಆಡಿಗೆ ಸೊಪ್ಪು ಹಾಕಿದ್ದೇನೆ, ಕದ ಹಾಕಿದ್ದೇನೆ, ತೆಗೆದಿದ್ದೇನೆ.

ಇವತ್ತು ಬರೆದೆ. ಮೊದಲು ಚೌಕಗಳೇ ಬಂದವು, ಇಟ್ಟಿಗೆ ಜೋಡಿಸಿದ ಹಾಗೆ. ಸಾಲಿಹಾ ನೀನು ಹೇಳಿಕೊಟ್ಟಂತೆ ಏನೋ ತಂದು ಒಳಗೆ ಹಾಕಿದಳು. "ಯೆಮ್ಮಾ, ಯಂತ್ರಕ್ಕೆ ಕನ್ನಡಕ ಹಾಕಿದ್ದೀನಿ, ನೋಡು" ಅಂದಳು. ನೋಡಿದೆ. ನಿಂತಿದ್ದವು. ನನ್ನ ಹೆಸರು ಮೇಲೆ, ಮಾತು ಕೆಳಗೆ.

"ಏನು ಬರೆದಿದ್ದೀಯ?" ಅಂತ ಕೇಳಿದಳು.

"ಓದೋಕೆ ಬರುತ್ತಾ ನಿಂಗೆ?"

"ಇಲ್ಲ."

"ಹಾಗಾದ್ರೆ ಬೆಳ್ಳುಳ್ಳಿ ರೇಟು ಅಂತ ತಿಳ್ಕೋ."

ದಾ ಬೆಲೈದ್ ಸಂಜೆ ನಮ್ಮ ಓಣಿಗೇ ಬಂದರು. ಮಾತು ಕಾಣುತ್ತದೆ, ಬಾಗಿಲು ಮುಚ್ಚುವ ಮೊದಲೇ ಬಂದಿದೆ, ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೆ ಓದುವವರು ಯಾರು? ನಮ್ಮೂರಿಗೆ ಅದರಲ್ಲಿ ಗೊತ್ತಿರುವುದು ಒಂದೇ ಅಕ್ಷರ, ಹುಡುಗರು ಗೋಡೆ ಮೇಲೆಲ್ಲ ಬಳಿಯುತ್ತಾರಲ್ಲ, ಮನುಷ್ಯ ಎರಡೂ ಕೈ ಎತ್ತಿ ನಿಂತ ಹಾಗಿರುವುದು. "ಕೈ ಎತ್ತಿದವನು ಕಾಣ್ತಾನೆ ವರ್ದಿಯಾ, ಮಿಕ್ಕಿದ್ದು ಕಾಣಲ್ಲ" ಅಂದರು. ಆ ಅಕ್ಷರ ಬಳಿಯುವ ಹುಡುಗರನ್ನೇ ಕರೆದು ಕೇಳಿದರಂತೆ. ತಲೆ ಕೆರೆದುಕೊಂಡರಂತೆ.

ಅದಕ್ಕೆ ಸಭೆಯ ದಿನ ನಿನಗೆ ಫೋನ್ ಬರುತ್ತದೆ. ಫೋನನ್ನು ಕಲ್ಲಿನ ಮೇಲೆ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡುತ್ತಾರೆ. ನೀನು ಓದಬೇಕು. ಬೇರೆಯವರ ಬಾಯಿ ಬೇಡ ಅಂದವಳು ಈಗ ಹೀಗೆ ಅನ್ನುತ್ತಾಳೆ ಅನ್ನಬೇಡ. ನನ್ನ ಪರವಾಗಿ ಹೇಳುವುದು ಬೇರೆ, ನಾನು ಬರೆದದ್ದನ್ನು ಓದುವುದು ಬೇರೆ. ಬರೆದದ್ದು ಅಲ್ಲಿ ನಿಂತಿದೆ. ನೀನು ಬದಲಾಯಿಸಿ ಓದಿದರೆ ಇವತ್ತಲ್ಲದಿದ್ದರೆ ಮುಂದೊಂದು ದಿನ ಯಾರಾದರೂ ಕಲಿತು ಹಿಡಿಯುತ್ತಾರೆ.

ಈ ಕಾಗದ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದರೂ ಬರೆದಿಟ್ಟಿರುತ್ತೇನೆ: ಏನನ್ನೂ ಸೇರಿಸಬೇಡ. ಮೆತ್ತಗೆ ಮಾಡಬೇಡ.

ಅತ್ತೆ


ಲಿಯೋನ್, ೧೭ ಅಕ್ಟೋಬರ್ ೨೦೦೯

ಅತ್ತೆ,

ನೀನು ಬರೆದ ದಿನವೇ ಫೋರಮ್ಮಿನಲ್ಲಿ ನೋಡಿದೆ. ನೋಡಿ ಯಂತ್ರ ಮುಚ್ಚಿ ಕೆಲಸಕ್ಕೆ ಹೋದೆ. ಅವತ್ತು ಒಂದು ಲಿಫ್ಟಿನೊಳಗೆ ನಿಂತು ಮೇಲೆ ಕೆಳಗೆ ಓಡಾಡುತ್ತಲೇ ಇದ್ದೆ, ಯಾಕೆ ಅಂತ ಯಾರೂ ಕೇಳಲಿಲ್ಲ. ಲಿಫ್ಟಿನವನು ಲಿಫ್ಟಿನಲ್ಲಿ ಓಡಾಡುತ್ತಾನೆ.

ನಿನ್ನೆ ಫೋನ್ ಬಂತು. ಗಾಳಿ ಕೇಳಿಸುತ್ತಿತ್ತು, ಯಾರೋ ಕೆಮ್ಮುವುದು ಕೇಳಿಸುತ್ತಿತ್ತು. "ಓದು ಮಗ" ಅಂದರು ದಾ ಬೆಲೈದ್. ಓದಿದೆ. ಇದ್ದದ್ದು ಇದ್ದ ಹಾಗೆ.

"ನಾನು ವರ್ದಿಯಾ, ಅರೆಜ್ಕಿಯ ತಾಯಿ. ನನ್ನ ಮಗ ಸತ್ತಿದ್ದಾನೆ. ಅವನು ತಾನಾಗಿ ಮನೆ ಬಿಟ್ಟು ಹೋದವನಲ್ಲ, ಬಸ್ಸಿನಿಂದ ಇಳಿಸಿಕೊಂಡು ಹೋದರು. ಅವನ ತಲೆಗೆ ಇನ್ನು ಪಾಲು ಹಾಕಬೇಡಿ. ಊರು ಇದನ್ನು ಹೇಳುವ ಮೊದಲು ನಾನು ಹೇಳುತ್ತಿದ್ದೇನೆ."

"ಅಷ್ಟೇನಾ?" ಅಂದರು ದಾ ಬೆಲೈದ್. ಅಷ್ಟೇ ಅಂದೆ. "ಇನ್ನೊಂದು ಸಲ ಓದು" ಅಂದರು. ಓದಿದೆ. ಎರಡನೇ ಸಲ ನನ್ನ ದನಿ ನನಗೇ ಬೇರೆಯವರದ್ದರ ಹಾಗೆ ಕೇಳಿಸಿತು, ಲಿಫ್ಟಿನಲ್ಲಿ ಮಹಡಿಯ ಹೆಸರು ಹೇಳುವ ಹೆಂಗಸಿನ ಹಾಗೆ.

ಅತ್ತೆ, ನೀನು ಬೇಡ ಅನ್ನುತ್ತೀ ಅಂತ ನಾನು ಇಷ್ಟು ದಿನ

ಮೆಜಿಯಾನ್


ಅಗುನಿ, ೨ ನವೆಂಬರ್ ೨೦೦೯

ಮೆಜಿಯಾನ್ ಮಗನೇ,

ಅರ್ಧಕ್ಕೆ ಬಿಟ್ಟ ಸಾಲನ್ನು ಹಾಗೇ ಬಿಡು. ಅದರ ಮುಂದಿನದು ನನಗೆ ಆಗಸ್ಟಿನಿಂದಲೇ ಗೊತ್ತು.

ಏನು ಬರೆಯುತ್ತೀ ಅಂತ ನೀನು ಕೇಳಿದಾಗ ನಾನು ಹೇಳಿಬಿಟ್ಟಿದ್ದರೆ ನೀನು ಅವತ್ತೇ ಸರಿ ಮಾಡಿಬಿಡುತ್ತಿದ್ದೆ. ಒಪ್ಪುವ ಮಾತಿಗೆ ಬಾಗಿಲು ತೆರೆಯುವುದು ಯಾರಿಗೂ ಕಷ್ಟವಲ್ಲ. ಬೇಡ ಅಂದರೂ ಅನ್ನಲಿ ಅಂತ ತೆರೆದೆಯಲ್ಲ, ಅದು ಸಾಕು ನನಗೆ. ಬೇಡ ಅಂತಲೇ ಬರೆಯಬೇಕು ಅಂತ ಜೂನಿನಲ್ಲಿ ನನಗೂ ಇತ್ತೋ ಏನೋ. ಆಗ ಬರೆದದ್ದು ಈಗ ಎಲ್ಲೂ ಇಲ್ಲ ಅಂತ ನೀನೇ ಹೇಳಿದ್ದೀ.

ಸಭೆಯ ದಿನ ನಾನು ಕಟ್ಟೆಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಕೇಳಿಸಿತು. ಚೆನ್ನಾಗಿ ಓದಿದೆ. ಎರಡನೇ ಸಲ ಓದಿದ್ದು ಇನ್ನೂ ಚೆನ್ನಾಗಿತ್ತು.

ಶುಕ್ರವಾರ ಹೋರಿ ಕೊಯ್ದರು. ನೀರಿನ ತೊಟ್ಟಿಯ ಹತ್ತಿರ ಜರೀಗಿಡ ಹಾಸಿ ಸಾಲಾಗಿ ಪಾಲು ಗುಡ್ಡೆ ಮಾಡಿದ್ದರು. ಪ್ರತಿ ವರ್ಷ ನಮ್ಮ ಪಾಲನ್ನು ಪಕ್ಕದ ಮನೆಯವರು ತಂದುಕೊಡುತ್ತಿದ್ದರು, ಈ ಸಲ ನಾನೇ ಹೋಗಿ ಹೆಂಗಸರು ನೀರು ಹಿಡಿಯುವ ಕಡೆ ನಿಂತೆ. ಕೂಗುವವನು ಗಂಡಸಿನ ಹೆಸರು ಹಿಡಿದು ಮನೆ ಕೂಗುತ್ತಾನೆ, ಆಮೇಲೆ ತಲೆ ಎಷ್ಟು ಅಂತ. ನಿನ್ನ ಮಾವ ಹೋದ ಮೇಲೆ ನಮ್ಮದು "ಅರೆಜ್ಕಿ, ಎರಡು ತಲೆ" ಅಂತ ನಡೆದುಬಂದಿತ್ತು.

ನಮ್ಮ ಸರದಿ ಬಂದಾಗ ಅವನು ಬಾಯಿ ತೆರೆದವನು ಹಾಗೇ ನಿಂತ. ಯಾವ ಹೆಸರು ಹಿಡಿದು ಕೂಗಬೇಕು ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಸಭೆಯಲ್ಲಿ ಅಷ್ಟು ಮಾತಾಡಿದವರು ಇದನ್ನು ಮರೆತಿದ್ದರು.

"ಮೆಜಿಯಾನ್ ಅಂತ ಕೂಗೋ" ಅಂದ ಒಬ್ಬ.

"ಮೆಜಿಯಾನನ ಮಡಕೆ ಲಿಯೋನಲ್ಲಿ ಬೇಯ್ತಿದೆ. ಇಲ್ಲಿ ಯಾರು ಬಂದು ತಗೋತಾರೆ?" ಅಂದ ಇನ್ನೊಬ್ಬ. ಒಂದಿಬ್ಬರು ನಕ್ಕರು, ಆಮೇಲೆ ನಿಲ್ಲಿಸಿದರು.

"ವರ್ದಿಯಾ" ಅಂದೆ ನಾನು, ನಿಂತಲ್ಲಿಂದಲೇ.

ಕೂಗುವವನು ದಾ ಬೆಲೈದರ ಮುಖ ನೋಡಿದ. ಅವರು ನನ್ನ ಕಡೆ ತಿರುಗಲಿಲ್ಲ. ಕೋಲಿನ ತುದಿಯಲ್ಲಿ ಒಂದು ಗುಡ್ಡೆ ತೋರಿಸಿದರು, ಅಷ್ಟೇ.

"ವರ್ದಿಯಾ, ಒಂದು ತಲೆ" ಅಂತ ಅವನು ಕೂಗಿದ. ಬೇರೆ ಮನೆಗಳನ್ನು ಕೂಗಿದಷ್ಟೇ ಜೋರಾಗಿ ಕೂಗಿದ. ಗಂಡಸರು ಸರಿದು ದಾರಿ ಬಿಟ್ಟರು. ಹೋಗಿ ಎತ್ತಿಕೊಂಡೆ.

ಮನೆಗೆ ಬಂದು ಬೇಯಿಸಿದೆ. ಸ್ವಲ್ಪವೇ ಇತ್ತು, ಬೇಗ ಬೆಂದಿತು. ಕೂತು ತಿಂದೆ.

ನಿನ್ನ ಅತ್ತೆ,
ವರ್ದಿಯಾ